ಗುದದ ಗಂಟೆಲ್ಲ ಮೊಳೆರೋಗವಲ್ಲ

ಮಲದ್ವಾರದಲ್ಲಿ ಗಂಟು ಕೈಗೆ ತಾಗಿದರೆ, ರಕ್ತ ಕಂಡರೆ ದಾವಣಗೆರೆ ಕಡೆ ಮೊದಲು ಬರುವ ಮಾತು ‘ಮೊಳೆರೋಗ’. ಉಷ್ಣವೆಂದು ಮಜ್ಜಿಗೆ ಕುಡಿದು, ಮುಲಾಮು ಹಚ್ಚಿ ತಿಂಗಳು ತಳ್ಳುತ್ತಾರೆ. ಎಚ್‌ಐವಿ ಇರುವ ಗಂಡಸಿನಲ್ಲಿ ಅದು ಎಚ್‌ಪಿವಿ ಎಂಬ ವೈರಸ್ಸಿನ ನರುಲಿಯಾಗಿರಬಹುದು, ಅಪರೂಪಕ್ಕೆ ಕ್ಯಾನ್ಸರ್ ಕೂಡ. ಮುಟ್ಟಿ ನೋಡದೆ ಔಷಧಿ ಬರೆಯುವುದು ದೊಡ್ಡ ತಪ್ಪು.

ಎಚ್‌ಪಿವಿಯ ಬಗೆಗಳಿಗೆ ಸಂಖ್ಯೆಯೇ ಹೆಸರು. ನರುಲಿ ಹುಟ್ಟಿಸುವವು ಹೆಚ್ಚಾಗಿ 6 ಮತ್ತು 11. ಗುದದ ಕ್ಯಾನ್ಸರ್‌ಗೆ ಮುಖ್ಯ ಕಾರಣ 16. ಬಹುತೇಕರ ದೇಹ ಈ ಸೋಂಕನ್ನು ಒಂದೆರಡು ವರ್ಷದಲ್ಲಿ ಅಡಗಿಸುತ್ತದೆ. ಸಿಡಿ4, ಅಂದರೆ ರೋಗದೊಡನೆ ಹೋರಾಡುವ ರಕ್ತಕಣಗಳು, ಕುಸಿದವರಲ್ಲಿ ಅದು ಬೇರು ಬಿಡುತ್ತದೆ. ‘ವೈರಲ್ ಲೋಡ್ ಕಾಣ್ತಿಲ್ಲ ಅಂದಿದ್ರಲ್ಲ’ ಎಂದು ಕೇಳುವವರಿದ್ದಾರೆ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಆ ಲೆಕ್ಕ ಎಚ್‌ಐವಿಯದು, ಎಚ್‌ಪಿವಿಯದಲ್ಲ. ಎಚ್‌ಐವಿಗೆ ಕೊಡುವ ಎಆರ್‌ಟಿ ಗುಳಿಗೆ ಎಚ್‌ಪಿವಿಯನ್ನು ಕೊಲ್ಲದು, ಆದರೆ ಅದನ್ನು ಹಿಡಿದಿಡುವ ಶಕ್ತಿಯನ್ನು ಕಾಯುತ್ತದೆ, ಬಿಡಲೇಬೇಡಿ. ಬೀಡಿ ಮಾತ್ರ ಬಿಡಿ. ಗಂಡಸರೊಡನೆ ಸಂಬಂಧವಿದ್ದವರಿಗೆ ಅಪಾಯ ಹೆಚ್ಚು. ಗುದಸಂಭೋಗವೇ ಇಲ್ಲದವರಿಗೂ ಈ ಸೋಂಕು ತಗಲುತ್ತದೆ, ಆದ್ದರಿಂದ ಗಂಟು ಕಂಡ ಮಾತ್ರಕ್ಕೆ ಯಾರ ನಡತೆಯನ್ನೂ ಅಳೆಯಬಾರದು.

ವರ್ಷಕ್ಕೊಮ್ಮೆ ಬೆರಳಿನ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಎಡ ಮಗ್ಗುಲಿಗೆ ಮಲಗಿ ಮಂಡಿ ಮಡಚಬೇಕು. ವೈದ್ಯರು ಗ್ಲೌಸಿಗೆ ಜೆಲ್ ಹಚ್ಚಿ, ಗುದನಾಳದ ಸುತ್ತ ನಿಧಾನವಾಗಿ ಬೆರಳಾಡಿಸುತ್ತಾರೆ. ಹುಡುಕುವುದು ಗಟ್ಟಿಯಾದ, ಅಲುಗದ ಗಂಟನ್ನು, ಹುಣ್ಣನ್ನು. ಎರಡು ನಿಮಿಷವೂ ಬೇಡ. ಸಂಶಯ ಬಂದರೆ ಪ್ರಾಕ್ಟೊಸ್ಕೋಪಿ (ಕೊಳವೆ ಹಾಕಿ ಒಳಗೆ ನೋಡುವುದು), ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು). ಚಪ್ಪಟೆಯಾಗಿ ಒದ್ದೆಯೊದ್ದೆಯಾದ ಗಂಟಾದರೆ ಸಿಫಿಲಿಸ್ ಪತ್ತೆಗೆ ವಿಡಿಆರ್‌ಎಲ್ ರಕ್ತಪರೀಕ್ಷೆ ಬೇಕೇಬೇಕು: ಲೈಂಗಿಕವಾಗಿ ಹರಡುವ ಈ ರೋಗದ ಗಂಟು ಥೇಟ್ ನರುಲಿಯಂತೆಯೇ ಕಾಣುತ್ತದೆ.

ಸುಣ್ಣ-ಸೋಡಾ ಹಚ್ಚುವುದು, ಕುದುರೆ ಕೂದಲು ಕಟ್ಟುವುದು ಬೇಡ. ಆ ಜಾಗ ಸುಟ್ಟು ಕೀವಾಗುತ್ತದೆ. ಹೊರಗಿನ ನರುಲಿಗೆ ಶೇ 5ರ ಇಮಿಕ್ವಿಮಾಡ್ ಕ್ರೀಮನ್ನು ವಾರಕ್ಕೆ ಮೂರು ರಾತ್ರಿ, ದಿನ ಬಿಟ್ಟು ದಿನ ತೆಳ್ಳಗೆ ಹಚ್ಚಿ, 6ರಿಂದ 10 ತಾಸಿಗೆ ಸೋಪಿನಿಂದ ತೊಳೆಯಬೇಕು. 16 ವಾರದವರೆಗೂ ಹಿಡಿಯಬಹುದು. ಕೆಂಪಾದರೆ ಗಾಬರಿ ಬೇಡ, ಚರ್ಮ ಕಿತ್ತರೆ ನಿಲ್ಲಿಸಿ ತೋರಿಸಿ. ಗುದದ ಒಳಗೆ ಹಚ್ಚಬಾರದು. ಅಲ್ಲಿ ಕ್ರಯೋ (ಅತಿ ತಣ್ಣಗೆ ಮಾಡಿ ಕೊಲ್ಲುವುದು), ಟಿಸಿಎ (ನರುಲಿ ಸುಡುವ ಆಮ್ಲ), ಶಸ್ತ್ರಚಿಕಿತ್ಸೆ ವೈದ್ಯರ ಕೈಯ ಕೆಲಸ. ಮೊದಲ ಮೂರು ತಿಂಗಳಲ್ಲಿ ಮರುಕಳಿಸುವುದು ಮಾಮೂಲು, ಆಗ ಮತ್ತೆ ಬನ್ನಿ.

ಎಚ್‌ಪಿವಿ ಲಸಿಕೆಯು ಈಗಾಗಲೇ ಇರುವ ಸೋಂಕನ್ನು ಕಳೆಯದು, ಬಾರದ ಬಗೆಗಳನ್ನು ತಡೆಯುತ್ತದೆ. ನಮ್ಮಲ್ಲೇ ತಯಾರಾಗುವ ಸರ್ವಾವ್ಯಾಕ್ 6, 11, 16, 18ರ ವಿರುದ್ಧ ಇದ್ದು, 9ರಿಂದ 26 ವಯಸ್ಸಿನ ಗಂಡುಮಕ್ಕಳಿಗೂ ಕೊಡಬಹುದು. ಎಚ್‌ಐವಿ ಇದ್ದವರಿಗೆ ಎರಡು ಡೋಸ್ ಸಾಲದು. ಮೊದಲ ದಿನ, ಎರಡನೇ ತಿಂಗಳು, ಆರನೇ ತಿಂಗಳು, ಹೀಗೆ ಮೂರು.