ಕ್ರಿಯೇಟಿನಿನ್ ಏರುವ ಮೊದಲೇ ಕಿಡ್ನಿಯೊಳಗೆ ಏನಾಗಿರುತ್ತದೆ?

ಮಂಗಳೂರಿನ ವೆನ್ಲಾಕ್ ಇರಲಿ, ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇರಲಿ, ಡಯಾಲಿಸಿಸ್‌ಗೆ ಬಂದವರ ಮನೆಯವರನ್ನು ಮಾತಾಡಿಸಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು. "ಏನೂ ಇರಲಿಲ್ಲ, ಸ್ವಲ್ಪ ಶುಗರ್ ಇತ್ತು ಅಷ್ಟೇ, ಒಮ್ಮೆಲೇ ಕ್ರಿಯೇಟಿನಿನ್ ಜಾಸ್ತಿ ಆಯ್ತು." ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅದು ಒಮ್ಮೆಲೇ ಆಗಿದ್ದಲ್ಲ. ಕ್ರಿಯೇಟಿನಿನ್ ಎಂದರೆ ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ಒಂದು ಕಸ; ಅದು ಲ್ಯಾಬಿನವರ ಗೆರೆ ದಾಟುವಾಗ ಕಿಡ್ನಿಯ ಸೋಸುವ ಶಕ್ತಿ ಸುಮಾರು ಅರ್ಧ ಹೋಗಿರುತ್ತದೆ. ಶುಗರ್ ಇದ್ದವರಲ್ಲಿ ಬಹಳ ಸಲ ಅದಕ್ಕೂ ವರ್ಷಗಳ ಮೊದಲೇ ಮೂತ್ರದಲ್ಲಿ ಪ್ರೋಟೀನ್ ಸೋರಲು ಶುರುವಾಗಿರುತ್ತದೆ.

ಎಲ್ಲಿಂದ ಸೋರುತ್ತದೆ ಎನ್ನುವುದು ಗೊತ್ತಾಗಲು 170 ವರ್ಷ ಹಿಡಿಯಿತು.

1827ರಲ್ಲಿ ಲಂಡನ್‌ನ ಗೈಸ್ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಎಂಬ ವೈದ್ಯರಿದ್ದರು. ಮೈಯೆಲ್ಲ ನೀರು ತುಂಬಿ ಊದಿಕೊಂಡು ಬರುವ ರೋಗಿಗಳ ಮೂತ್ರವನ್ನು ಅವರು ಒಂದು ಚಮಚದಲ್ಲಿ ತೆಗೆದುಕೊಂಡು ಮೇಣದಬತ್ತಿಯ ಮೇಲೆ ಹಿಡಿಯುತ್ತಿದ್ದರು. ಬಿಸಿಯಾಗುತ್ತಿದ್ದ ಹಾಗೆ ಕೆಲವರದ್ದು ಬೆಳ್ಳಗಾಗಿ ಗಟ್ಟಿಯಾಗುತ್ತಿತ್ತು. ಅದು ಆಲ್ಬುಮಿನ್, ರಕ್ತದಲ್ಲೇ ಇರಬೇಕಾದ ಪ್ರೋಟೀನ್. ಹೀಗಾದವರು ತೀರಿಹೋದ ಮೇಲೆ ಹೊಟ್ಟೆ ಕೊಯ್ದು ನೋಡಿದರೆ ಕಿಡ್ನಿ ಹಾಳಾಗಿರುತ್ತಿತ್ತು. ಊತ, ಪ್ರೋಟೀನ್, ಕಿಡ್ನಿ, ಈ ಮೂರನ್ನೂ ಸ್ಪಷ್ಟವಾಗಿ ಒಟ್ಟಿಗೆ ಕಟ್ಟಿದವರು ಬ್ರೈಟ್. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಕಿಡ್ನಿ ಕಾಯಿಲೆಗೆ ಅವರ ಹೆಸರೇ ನಡೆಯಿತು.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಗೊಂಚಲುಗಳಿವೆ, ತೀರಾ ಸಣ್ಣ ರಕ್ತನಾಳಗಳ ಗೊಂಚಲು. ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಅದರಲ್ಲಿ ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಆ ನಾಳಗಳನ್ನು ಹೊರಗಿನಿಂದ ಸುತ್ತಿಕೊಂಡಿರುವ ಜೀವಕೋಶದ ಹೆಸರು ಪೊಡೊಸೈಟ್. ಮಲ್ಪೆ ಬಂದರಿನಲ್ಲಿ ಬೊಂಡಾಸ (ಸ್ಕ್ವಿಡ್) ನೋಡಿದವರಿಗೆ ಇದರ ಆಕಾರ ಬೇಗ ತಲೆಗೆ ಹೋಗುತ್ತದೆ: ನಡುವೆ ಒಂದು ಮೈ, ಅದರಿಂದ ಹೊರಟ ಕೈಗಳು ನಾಳವನ್ನು ತಬ್ಬಿ ಹಿಡಿದಿವೆ. ಪಕ್ಕದ ಕೋಶದ ಕೈಗಳೂ ಇದರ ಕೈಗಳೂ ಒಂದರ ನಡುವೆ ಒಂದು ಸೇರಿಕೊಂಡಿರುತ್ತವೆ. ಮಧ್ಯೆ ಉಳಿಯುವ ಸೀಳು ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲೂ ಇಲ್ಲ. ನೀರು, ಉಪ್ಪು, ಯೂರಿಯಾ ಅದರಲ್ಲಿ ನುಸುಳುತ್ತವೆ. ಆಲ್ಬುಮಿನ್ ಬಹುಪಾಲು ಒಳಗೇ ಉಳಿಯುತ್ತದೆ.

ಇದನ್ನು ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕಾಣಲಾಗದು. 1951ರಲ್ಲಿ ಕೋಪನ್‌ಹೇಗನ್‌ನ ಇವರ್ಸನ್ ಮತ್ತು ಬ್ರುನ್ ಬದುಕಿರುವ ರೋಗಿಯ ಕಿಡ್ನಿಯಿಂದ ಸೂಜಿಯಲ್ಲಿ ಚೂರು ತೆಗೆಯುವ ಬಯಾಪ್ಸಿ ವಿಧಾನವನ್ನು ಪ್ರಕಟಿಸಿದರು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೂಡ ಅದೇ ಹೊತ್ತಿಗೆ ಕೈಗೆ ಬಂದಿತ್ತು. 1957ರಲ್ಲಿ ಮರ್ಲಿನ್ ಫಾರ್ಕರ್ ಮತ್ತು ಜೊತೆಗಾರರು ಪ್ರೋಟೀನ್ ಸೋರುವ ರೋಗಿಗಳ ಚೂರುಗಳನ್ನು ನೋಡಿದಾಗ ಪೊಡೊಸೈಟಿನ ಕೈಗಳೆಲ್ಲ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿದ ಹಾಗೆ ಕಂಡವು. ಆದರೂ ಜಗಳ ಮುಗಿಯಲಿಲ್ಲ. ಕೋಶ ಕೆಟ್ಟಿದ್ದರಿಂದ ಪ್ರೋಟೀನ್ ಸೋರುತ್ತದೋ, ಪ್ರೋಟೀನ್ ಸೋರಿದ್ದರಿಂದ ಕೋಶ ಕೆಡುತ್ತದೋ? ಇನ್ನೂ 40 ವರ್ಷ ಈ ಚರ್ಚೆ ನಡೆಯಿತು.

ಉತ್ತರ ಬಂದದ್ದು ಫಿನ್‌ಲ್ಯಾಂಡಿನ ಹಸುಗೂಸುಗಳಿಂದ. ಅಲ್ಲಿ ಕೆಲವು ಮಕ್ಕಳು ಹುಟ್ಟುವಾಗಲೇ ವಿಪರೀತ ಪ್ರೋಟೀನ್ ಕಳೆದುಕೊಳ್ಳುತ್ತಿದ್ದವು. 1998ರಲ್ಲಿ ಕಾರ್ಲ್ ಟ್ರಿಗ್ವಾಸನ್ ತಂಡ ಇದಕ್ಕೆ ಕಾರಣವಾದ ಜೀನ್ ಹುಡುಕಿತು. ಅದು ತಯಾರಿಸುವ ನೆಫ್ರಿನ್ ಎಂಬ ಪ್ರೋಟೀನ್ ಇರುವುದು ಸರಿಯಾಗಿ ಆ ಸೀಳಿನಲ್ಲೇ. ಈ ಒಂದು ಪ್ರೋಟೀನ್ ಕೆಟ್ಟರೆ ಸಾಕು, ಸೋಸುವ ಕೆಲಸವೇ ಕೆಡುತ್ತದೆ. ನನಗೆ ಇಡೀ ಕಥೆಯಲ್ಲಿ ದೊಡ್ಡ ತಿರುವು ಅನ್ನಿಸುವುದು ಇದೇ.

ಮುಂದಿನ ಭಾಗ ನೋವಿನದ್ದು. ನಮ್ಮಲ್ಲಿ ಮಳೆಗಾಲ ಬಂದರೆ ಇಲಿಜ್ವರದ ಭಯ ಅಲ್ವಾ? ಅದು ಕಿಡ್ನಿಗೆ ಹೊಡೆಯುವುದು ಹೆಚ್ಚಾಗಿ ಸೋಸಿದ ಮೇಲೆ ನೀರು ಹರಿಯುವ ನಾಳಗಳಿಗೆ. ಅಲ್ಲಿನ ಕೋಶಗಳು ಮತ್ತೆ ಹುಟ್ಟುತ್ತವೆ, ಹಾಗಾಗಿ ಕೆಲವು ದಿನ ಡಯಾಲಿಸಿಸ್ ಮಾಡಿಸಿಕೊಂಡವರೂ ಅದನ್ನು ಬಿಟ್ಟು ಮನೆಗೆ ಹೋಗಬಹುದು. ಪೊಡೊಸೈಟ್ ಹಾಗಲ್ಲ. ದೊಡ್ಡವರಲ್ಲಿ ಅದು ಒಡೆದು ಎರಡಾಗುವುದಿಲ್ಲ. ಕಳಚಿಕೊಂಡರೆ ಮೂತ್ರದಲ್ಲಿ ಹೋಯಿತು, ಅಷ್ಟೇ. ಪಕ್ಕದ ಕೋಶಗಳು ಹಿಗ್ಗಿ ಆ ಜಾಗ ಮುಚ್ಚಲು ನೋಡುತ್ತವೆ. ಇಲಿಗಳ ಮೇಲೆ ನಡೆಸಿದ, 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೊಡೊಸೈಟ್‌ಗಳಲ್ಲಿ ಶೇ. 20ರೊಳಗೆ ಕಳೆದುಕೊಂಡಾಗ ಕಿಡ್ನಿ ತಡೆದುಕೊಂಡಿತು, ಶೇ. 40 ದಾಟಿದಾಗ ಗೊಂಚಲುಗಳೇ ಕಲೆಗಟ್ಟಿ ಮುಚ್ಚಿಹೋದವು. ಒಂದು ಗೊಂಚಲು ಮುಚ್ಚಿದರೆ ಅದರ ಪಾಲಿನ ಕೆಲಸ ಉಳಿದವುಗಳ ಮೇಲೆ, ಅಲ್ಲಿ ಒತ್ತಡ ಜಾಸ್ತಿ, ಅಲ್ಲೂ ಕೋಶಗಳು ಕಳಚುತ್ತವೆ. ಅಮೆರಿಕದ ಕಿಡ್ನಿ ತಜ್ಞ ಬ್ಯಾರಿ ಬ್ರೆನ್ನರ್ 1982ರಲ್ಲೇ ಈ ಸರಪಳಿಯ ಬಗ್ಗೆ ಎಚ್ಚರಿಸಿದ್ದರು. ಶುರುವಾದ ಕಾರಣ ನಿಂತ ಮೇಲೂ ಕಾಯಿಲೆ ಸುಮ್ನೆ ಕೂರದಿರುವುದು ಇದರಿಂದ.

ಶುಗರ್ ಮತ್ತು ಬಿಪಿ ಮಾತ್ರವೇ ಕಾರಣವಲ್ಲ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಇದೇ ಸೋರಿಕೆಯ ಒಂದು ಬಗೆಯ ಕಾಯಿಲೆ 22 ಜನರಲ್ಲಿ ಕಂಡಿತು. ಅವರಲ್ಲಿ 15 ಜನರಿಗಿದ್ದದ್ದು ಅಪರೂಪದ ನೆಲ್-1 ಎಂಬ ವಿಧ, ಆ 15ರಲ್ಲಿ 13 ಮಂದಿ ಮುಖ ಬಿಳಿಯಾಗಲು ಕ್ರೀಮ್ ಹಚ್ಚುತ್ತಿದ್ದರು. ಕ್ರೀಮುಗಳಲ್ಲಿ ಪಾದರಸ ಸಿಕ್ಕಿತು. ಹಚ್ಚುವುದು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ತಯಾರಿಸಿದವರ ವಿಳಾಸ, ಒಳಗೆ ಏನಿದೆ ಎಂಬ ವಿವರ ಎರಡೂ ಇಲ್ಲದ ಫೇರ್‌ನೆಸ್ ಡಬ್ಬಿ ಮನೆಯಲ್ಲಿದ್ದರೆ, ಉಡುಗೊರೆಯಾಗಿ ಬಂದದ್ದೇ ಆಗಲಿ, ದಯವಿಟ್ಟು ಬಿಸಾಡಿ.

ಮದ್ದು ಇಲ್ಲ ಎಂಬ ಕಾಲ ಹೋಯಿತು. ಬ್ರೆಜಿಲ್‌ನ ಒಂದು ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್ ಎಂಬ ಬಿಪಿ ಮಾತ್ರೆ ಗೊಂಚಲಿನೊಳಗಿನ ಒತ್ತಡ ಇಳಿಸುತ್ತದೆ. ಟೈಪ್ 1 ಸಕ್ಕರೆ ಕಾಯಿಲೆಯವರಲ್ಲಿ ಅದು ಸಾವು, ಡಯಾಲಿಸಿಸ್, ಕಸಿ ಇವುಗಳ ಅಪಾಯವನ್ನು ಅರ್ಧದಷ್ಟು ತಗ್ಗಿಸಿತು ಎಂದು 1993ರ ಅಧ್ಯಯನ ತೋರಿಸಿತು. 2019ರಿಂದೀಚೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳೂ ಕಿಡ್ನಿ ಉಳಿಸುತ್ತವೆ ಎಂದು ಸಾಬೀತಾಗಿದೆ. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದು ನಮ್ಮಲ್ಲಿ ಬೆಲೆಯೂ ತುಂಬಾ ಇಳಿಯಿತು. ಇವು ಹೋದ ಕೋಶವನ್ನು ತರುವುದಿಲ್ಲ, ಇರುವುದನ್ನು ಕಾಯುತ್ತವೆ. ಬೇಗ ಶುರುಮಾಡಿದಷ್ಟೂ ಕಾಯಲು ಜಾಸ್ತಿ ಉಳಿದಿರುತ್ತದೆ.

ಹಾಗಾಗಿ ಶುಗರ್ ಅಥವಾ ಬಿಪಿ ಇರುವವರು ಲ್ಯಾಬಿಗೆ ಹೋದಾಗ ಕ್ರಿಯೇಟಿನಿನ್ ಜೊತೆಗೆ ಮೂತ್ರದ ಎಸಿಆರ್ (ಆಲ್ಬುಮಿನ್ ಎಷ್ಟು ಸೋರುತ್ತಿದೆ ಎಂದು ತೋರಿಸುವ ಪರೀಕ್ಷೆ) ಕೂಡ ಮಾಡಿಸಿ, ವರ್ಷಕ್ಕೊಮ್ಮೆಯಾದರೂ. ಮೂತ್ರದ ಒಂದು ಗ್ರಾಂ ಕ್ರಿಯೇಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂ ಒಳಗಿದ್ದರೆ ಸರಿ. ದಾಟಿದ್ದರೆ ಗಾಬರಿ ಬೇಡ, ಜ್ವರ ಬಂದಾಗಲೂ ಮೈಮುರಿದು ಕೆಲಸ ಮಾಡಿದ ಮರುದಿನವೂ ಸ್ವಲ್ಪ ಏರುತ್ತದೆ. ಮೂರು ತಿಂಗಳೊಳಗೆ ಇನ್ನೊಮ್ಮೆ ನೋಡಿಸಿ, ಆಗಲೂ ಹಾಗೇ ಇದ್ದರೆ ಮಾತ್ರೆಯ ವಿಷಯ ಡಾಕ್ಟರ ಹತ್ತಿರ ನೀವೇ ಎತ್ತಿ.