ತೀರಿಸಿದ ಬೈಕ್ ಸಾಲ ಸಿಬಿಲ್‌ನಲ್ಲಿ ಇನ್ನೂ ಇದೆ, ತಾನಾಗೇ ಹೋಗಲ್ವಾ?

ಪ್ರಶ್ನೆ: ಸರ್, ನಾನು ದಾವಣಗೆರೆ ನಿಟ್ಟುವಳ್ಳಿಯವನು. 2013ರಲ್ಲಿ ಫೈನಾನ್ಸ್ ಮೇಲೆ ಬೈಕ್ ತಗೊಂಡಿದ್ದೆ. 2015ಕ್ಕೆ ಎಲ್ಲಾ ಕಂತು ಮುಗಿಸಿದೆ. ಬೈಕನ್ನೂ ಮಾರಿ ಆಯ್ತು. ಈಗ ಮನೆ ಸಾಲಕ್ಕೆ ಹೋದರೆ, ನಮ್ಮ ಸಾಲಗಳ ದಾಖಲೆ ಇಡುವ ಸಿಬಿಲ್‌ನಲ್ಲಿ 3,840 ರೂಪಾಯಿ ಬಾಕಿ ಇದೆ ಅಂತಾರೆ ಮ್ಯಾನೇಜರ್. ಏಳು ವರ್ಷ ಆದಮೇಲೆ ಹಳೇ ಸಾಲ ತಾನಾಗೇ ಅಳಿಸಿ ಹೋಗುತ್ತೆ ಅಂತ ಕೇಳಿದ್ದೆ. ಯಾಕೆ ಹೋಗಿಲ್ಲ? ಸುಮ್ನೆ 3,840 ಕಟ್ಟಿಬಿಡಲಾ?

ಉತ್ತರ: ಕಟ್ಟಬೇಡಿ. ಇವತ್ತಂತೂ ಬೇಡ.

ಮೊದಲು ಆ ಏಳು ವರ್ಷದ ಮಾತು. ಅದು ಅಮೆರಿಕದ ಕಾನೂನು. ಅಲ್ಲಿ ಕಟ್ಟದ ಸಾಲದ ವಿವರ ಸಾಮಾನ್ಯವಾಗಿ ಏಳು ವರ್ಷಕ್ಕೆ ರಿಪೋರ್ಟ್‌ನಿಂದ ಇಳಿಯುತ್ತದೆ. ನಮ್ಮಲ್ಲಿ ಸಿಬಿಲ್‌ನಂಥ ಕಂಪನಿಗಳಿಗಾಗಿ ಇರುವ 2005ರ ಕಾಯ್ದೆಯ ಕೆಳಗೆ ಬಂದ ನಿಯಮದಲ್ಲೂ ಏಳು ವರ್ಷ ಅನ್ನುವುದು ಇದೆ. ಆದರೆ ಅದು ಮಾಹಿತಿಯನ್ನು ಕನಿಷ್ಠ ಇಷ್ಟು ವರ್ಷ ಇಟ್ಟುಕೊಳ್ಳಬೇಕು ಅನ್ನುವ ಲೆಕ್ಕ. ಎರಡೂ ಕಡೆ ಏಳೇ ಇರುವುದರಿಂದ ಗೊಂದಲ ಜಾಸ್ತಿ. ಅದೂ ಅಲ್ಲದೆ, ನಿಮ್ಮ ಖಾತೆ ಫೈನಾನ್ಸ್‌ನವರ ಪುಸ್ತಕದಲ್ಲಿ ಮುಚ್ಚಿಯೇ ಇಲ್ಲ. ಬಾಕಿ ಇದೆ ಅಂತ ಅವರು ಸಿಬಿಲ್‌ಗೆ ಪ್ರತಿ ಸಲ ಹೊಸದಾಗಿ ಕಳಿಸುತ್ತಿದ್ದಾರೆ. 2025ರ ಜನವರಿಯಿಂದ ಈ ಮಾಹಿತಿ ಹದಿನೈದು ದಿನಕ್ಕೊಮ್ಮೆಯಾದರೂ ಹೋಗಬೇಕು. ಸಾಲ ಹತ್ತು ವರ್ಷ ಹಳೇದು, ವರದಿ ಮಾತ್ರ ಮೊನ್ನೆಯದು. ಅದು ತಾನಾಗೇ ಹೇಗೆ ಹೋದೀತು?

ಮೂರು ವರ್ಷದ ಮಾತೂ ಕೇಳಿರುತ್ತೀರಿ. ಇಂಥ ಸಾಲಕ್ಕೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರು ವರ್ಷದ ಅವಧಿ ಇದೆ, ನಿಜ. ಆದರೆ ಅದಕ್ಕೂ ರಿಪೋರ್ಟ್‌ಗೂ ಸಂಬಂಧ ಇಲ್ಲ. ಒಂದು ಎಚ್ಚರ ಮಾತ್ರ ಇರಲಿ: ಅವಧಿ ಮುಗಿದ ಸಾಲವನ್ನೂ ‘ಕಟ್ಟುತ್ತೇನೆ’ ಅಂತ ಬರೆದು ಸಹಿ ಹಾಕಿಕೊಟ್ಟರೆ ಅದಕ್ಕೆ ಮತ್ತೆ ಜೀವ ಬರುತ್ತದೆ. ವಸೂಲಿಗೆ ಬಂದವರು ಚಹಾ ಕುಡಿಸಿ ಕಾಗದ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ.

ಈಗ ರಿಪೋರ್ಟ್ ತೆಗೆಯಿರಿ. ಮ್ಯಾನೇಜರ್ ಬಾಯಲ್ಲಿ ಕೇಳಿದ್ದು ಸಾಲದು. ನಾವು ಎಲ್ಲಕ್ಕೂ ಸಿಬಿಲ್ ಅನ್ನುತ್ತೇವೆ, ಡಾಲ್ಡಾ ಅಂದ ಹಾಗೆ. ಸಾಲದ ದಾಖಲೆ ಇಡುವ ಈ ಕೆಲಸಕ್ಕೆ ದೇಶದಲ್ಲಿ ನಾಲ್ಕು ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. 2017ರಿಂದ ಈ ನಿಯಮ ಇದೆ.

ಅದರಲ್ಲಿ ಅಂಕ ನೋಡುತ್ತಾ ಕೂರಬೇಡಿ. ಆ ಸಾಲದ ಖಾತೆ ನಂಬರ್, ಕೊನೆಯ ಕಂತು ಕಟ್ಟಿದ ದಿನ, ಬಾಕಿ ಎಷ್ಟು, ಸ್ಥಿತಿ ಏನು ಅಂತ ಬರೆದಿದ್ದಾರೆ, ಇವಿಷ್ಟು ನೋಡಿ. ಹಾಗೇ ಮೇಲೆ ಪ್ಯಾನ್ ನಂಬರ್, ಹುಟ್ಟಿದ ದಿನ, ವಿಳಾಸ ನಿಮ್ಮದೇನಾ ನೋಡಿ. ನಮ್ಮ ಕಡೆ ಒಂದೊಂದು ಓಣಿಗೆ ಮೂರು ಮಂಜುನಾಥ, ನಾಲ್ಕು ಬಸವರಾಜ. ಇನಿಷಿಯಲ್ಲೂ ಒಂದೇ ಇದ್ದರೆ ಒಬ್ಬರ ಸಾಲ ಇನ್ನೊಬ್ಬರ ತಲೆಗೆ ಬರುವುದುಂಟು. ಗೊತ್ತಿಲ್ಲದ ಸಾಲ ಕಂಡ ಕೂಡಲೇ ಮೋಸ ಅಂತಲೂ ಕೂಗಬೇಡಿ. ನನ್ನ ರಿಪೋರ್ಟ್‌ನಲ್ಲಿ ಒಂದು ಟ್ರ್ಯಾಕ್ಟರ್ ಸಾಲ ನೋಡಿ ಎದೆ ಧಸಕ್ಕೆಂದಿತ್ತು. ಚಳ್ಳಕೆರೆಯ ಮಾವನ ಮಗನಿಗೆ ಜಾಮೀನು ಹಾಕಿದ್ದು ರಾತ್ರಿ ಊಟಕ್ಕೆ ಕೂತಾಗ ನೆನಪಾಯಿತು. ಜಾಮೀನು ಹಾಕಿದ ಸಾಲವೂ ಅಲ್ಲಿ ಬರುತ್ತದೆ. ಅದು ತಪ್ಪಲ್ಲ.

ನಿಮ್ಮದು ಬಹುಶಃ ಕೊನೆ ಕಂತಿನ ಚೆಕ್ ಬೌನ್ಸ್ ಚಾರ್ಜೋ ತಡವಾದ ದಂಡವೋ ಇರಬೇಕು. ಕಂತು ಮುಗಿದರೂ ಇಂಥ ಚಿಲ್ಲರೆ ಖಾತೆಯಲ್ಲಿ ಉಳಿದು, ಅದರ ಮೇಲೆ ದಂಡ ಬೆಳೆಯುತ್ತದೆ. ಆಗ ಎನ್‌ಒಸಿ, ಅಂದರೆ ಸಾಲ ತೀರಿದೆ, ನಮ್ಮ ತಕರಾರಿಲ್ಲ ಅನ್ನುವ ಪತ್ರ, ತಗೊಂಡಿದ್ದಿರಾ? ಸಿಗುತ್ತಿಲ್ಲವಾದರೆ ಇನ್ನೊಂದು ದಾರಿ ಇದೆ. ಬೈಕ್ ಮಾರಿದ್ದೀರಲ್ಲ, ಕೊಂಡವರ ಹತ್ತಿರ ಆರ್‌ಸಿ ನಕಲು ಕೇಳಿ. ಕೆಎ-17 ಗಾಡಿಯ ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ತೆಗೆಸಬೇಕೆಂದರೆ ಆರ್‌ಟಿಒಗೆ ಆ ಕಂಪನಿಯ ಒಪ್ಪಿಗೆ ಬೇಕು. ಹೆಸರು ಹೋಗಿದೆ ಅಂದರೆ ಅವರು ಅವತ್ತೇ ಒಪ್ಪಿಗೆ ಕೊಟ್ಟಿದ್ದಾರೆ ಅಂತ ಅರ್ಥ. ಜೊತೆಗೆ ಕಂತು ಹೋದ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ.

ಇಷ್ಟು ಹಿಡಿದುಕೊಂಡು ಫೈನಾನ್ಸ್‌ನವರಿಗೆ ಬರೆದು ಕೊಡಿ. ಬಾಯಿಮಾತು ಬೇಡ. ‘ಸಾಲ ತೀರಿದೆ, ದಾಖಲೆ ಇಟ್ಟಿದ್ದೇನೆ, ಕ್ಲೋಸ್ಡ್ ಅಂತ ತಿದ್ದಿ. ಬಾಕಿ ಇದೆ ಅನ್ನುವುದಾದರೆ ಖಾತೆಯ ಪೂರ್ತಿ ಲೆಕ್ಕ ಕೊಡಿ’, ಇಷ್ಟು ಸಾಕು. ನಕಲಿನ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳಿ. ಅದೇ ದಿನ ಸಿಬಿಲ್ ವೆಬ್‌ಸೈಟಿನಲ್ಲೂ ತಕರಾರು ಹಾಕಿ, ದುಡ್ಡು ಕೇಳುವುದಿಲ್ಲ. ಸಿಬಿಲ್‌ನವರು ತಾವಾಗೇ ತಿದ್ದುವ ಹಾಗಿಲ್ಲ. ಸಾಲ ಕೊಟ್ಟವರು ಹೌದು ಅನ್ನಬೇಕು. ಅದಕ್ಕೇ ಎರಡೂ ಕಡೆ ಬರೆಯಿರಿ ಅಂದಿದ್ದು.

ತಾರೀಕು ಯಾಕೆ ಬೇಕೆಂದರೆ, ತಕರಾರು ಬಗೆಹರಿಸಲು ಅವರಿಗಿರುವ 30 ದಿನದ ಲೆಕ್ಕ ಅಲ್ಲಿಂದ ಶುರು. ಸಾಲ ಕೊಟ್ಟವರು 21 ದಿನದೊಳಗೆ ಸರಿಯಾದ ಮಾಹಿತಿ ಕಳಿಸಬೇಕು. 30 ದಿನ ದಾಟಿದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ನಿಮಗೆ ಪರಿಹಾರ ಕೊಡಬೇಕು, ತಡ ಯಾರದೋ ಅವರು. 2024ರ ಏಪ್ರಿಲ್ 26ರಿಂದ ರಿಸರ್ವ್ ಬ್ಯಾಂಕಿನ ಈ ನಿಯಮ ಜಾರಿಯಲ್ಲಿದೆ. ಪತ್ರದಲ್ಲಿ ಇದನ್ನು ಒಂದು ಸಾಲಿನಲ್ಲಿ ಕಾಣಿಸಿ. 30 ದಿನವಾದರೂ ಉತ್ತರ ಇಲ್ಲವೆಂದರೆ, ಅಥವಾ ಬಂದ ಉತ್ತರ ಸರಿಯಿಲ್ಲವೆಂದರೆ, ರಿಸರ್ವ್ ಬ್ಯಾಂಕಿನಲ್ಲಿ ದೂರು ವಿಚಾರಿಸುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಪುಕ್ಕಟೆ ದೂರು ಕೊಡಬಹುದು. ವಿಚಾರಿಸಲು 14448ಕ್ಕೆ ಫೋನ್ ಮಾಡಿ. 2022ರ ಸೆಪ್ಟೆಂಬರ್‌ನಿಂದ ಸಿಬಿಲ್‌ನಂಥ ಕಂಪನಿಗಳ ಮೇಲೂ ಅಲ್ಲಿ ದೂರು ತಗೊಳ್ಳುತ್ತಾರೆ.

ಸಾಲ ಕೊಟ್ಟ ಬ್ಯಾಂಕೇ ಈಗ ಇಲ್ಲ ಅನ್ನುವವರಿಗೂ ಇದೇ ದಾರಿ, ಬಾಗಿಲು ಮಾತ್ರ ಬೇರೆ. ಮೈಸೂರು ಬ್ಯಾಂಕಿನ ಸಾಲಕ್ಕೆ ಸ್ಟೇಟ್ ಬ್ಯಾಂಕ್, ಸಿಂಡಿಕೇಟ್‌ಗೆ ಕೆನರಾ, ವಿಜಯಾಗೆ ಬ್ಯಾಂಕ್ ಆಫ್ ಬರೋಡಾ, ಕಾರ್ಪೊರೇಷನ್‌ಗೆ ಯೂನಿಯನ್ ಬ್ಯಾಂಕ್. ಹಳೇ ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ ಪ್ರಗತಿ ಆಗಿ, ಪ್ರಗತಿ ಕೃಷ್ಣಾ ಆಗಿ, ಈಗ ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಳಗಿದೆ.

ದುಡ್ಡು ಕೊಟ್ಟರೆ ಸಿಬಿಲ್ ಕ್ಲೀನ್ ಮಾಡಿಕೊಡ್ತೀವಿ ಅನ್ನುವವರ ಹತ್ತಿರ ಹೋಗಬೇಡಿ. ತಪ್ಪಿದ್ದರೆ ನೀವೇ ಪುಕ್ಕಟೆ ತಿದ್ದಿಸಬಹುದು. ನಿಜವಿದ್ದರೆ ಅವರಿಂದಲೂ ಅಳಿಸಲು ಆಗುವುದಿಲ್ಲ.

ಇನ್ನು 3,840ರ ವಿಷಯ. ಲೆಕ್ಕ ಬಂದಾಗ ಬಾಕಿ ನಿಜ ಅಂತ ಕಂಡರೆ ಪೂರ್ತಿ ಕಟ್ಟಿಬಿಡಿ. ‘ಎರಡು ಸಾವಿರ ಕೊಡಿ, ಸೆಟಲ್‌ಮೆಂಟ್ ಮಾಡ್ತೀವಿ’ ಅಂದರೆ ಒಪ್ಪಬೇಡಿ. ಆಗ ರಿಪೋರ್ಟ್‌ನಲ್ಲಿ ಸೆಟಲ್ಡ್ ಅಂತ ಬೀಳುತ್ತದೆ, ಅಂದರೆ ಪೂರ್ತಿ ಕಟ್ಟಿಲ್ಲ ಅಂತ ಅರ್ಥ. ಮನೆ ಸಾಲ ಕೊಡುವವರು ಆ ಪದ ನೋಡಿ ಮುಖ ಸಿಂಡರಿಸುತ್ತಾರೆ. 1,840 ರೂಪಾಯಿ ಉಳಿಸಲು ಹೋಗಿ ಮನೆ ಸಾಲ ಕಳಕೊಳ್ಳೋದು ಯಾವ ಲೆಕ್ಕ? ನಗದು ಕೊಡದೆ ಖಾತೆಯಿಂದಲೇ ಕಳಿಸಿ, ಈ ಸಲ ಎನ್‌ಒಸಿ ಕೈಗೆ ಬಂದಮೇಲೇ ಅಲ್ಲಿಂದ ಏಳಿ. ಒಂದು ತಿಂಗಳು ಬಿಟ್ಟು ನಾಲ್ಕೂ ಕಂಪನಿಗಳ ರಿಪೋರ್ಟ್ ನೋಡಿ. ನಿಮ್ಮ ಮ್ಯಾನೇಜರ್ ನೋಡುವುದು ಸಿಬಿಲ್ ಇರಬಹುದು, ಪಕ್ಕದ ಬ್ಯಾಂಕಿನವರು ಬೇರೆಯದನ್ನು ನೋಡಬಹುದು.