ಆಟೋಪೈಲಟ್ ಹಾಕಿದ ಮೇಲೆ ಪೈಲಟ್‌ಗೆ ಕೆಲಸವೇನು?

ಪ್ರಶ್ನೆ: ಈಗಿನ ಹೆಲಿಕಾಪ್ಟರ್‌ಗಳಲ್ಲಿ ಪರದೆಗಳಿವೆ, ಆಟೋಪೈಲಟ್ ಇದೆ. ಆದರೂ ಇಳಿಯುವ ಹೊತ್ತಿನಲ್ಲಿ ಏಕೆ ಬೀಳುತ್ತವೆ?

ಉತ್ತರ: ಆಟೋಪೈಲಟ್ ಇದೆಯೇ ಎಂದು ಕೇಳಿದರೆ ಸಾಲದು. ಅದು ಏನನ್ನು ಹಿಡಿದುಕೊಂಡಿದೆ, ಏನನ್ನು ಪೈಲಟ್‌ನ ಕೈಗೇ ಬಿಟ್ಟಿದೆ ಎಂದು ಕೇಳಬೇಕು.

ಪೈಲಟ್‌ನ ಬಲಗೈಯಲ್ಲಿರುವುದು ಸೈಕ್ಲಿಕ್ ಎಂಬ ಹಿಡಿ. ಹಿಂದಕ್ಕೆ ಎಳೆದರೆ ಮೂತಿ ಮೇಲೇಳುತ್ತದೆ, ವೇಗ ತಗ್ಗುತ್ತದೆ. ಎಡಗೈಯಲ್ಲಿರುವುದು ಕಲೆಕ್ಟಿವ್ ಎಂಬ ಸನ್ನೆ. ಅದನ್ನು ಎತ್ತಿದರೆ ರೋಟರ್, ಅಂದರೆ ತಲೆಯ ಮೇಲೆ ತಿರುಗುವ ರೆಕ್ಕೆಗಳು, ಎಂಜಿನ್‌ನಿಂದ ಹೆಚ್ಚು ಶಕ್ತಿ ಎಳೆದುಕೊಳ್ಳುತ್ತವೆ. ಕಾಲಡಿಯ ಪೆಡಲ್‌ಗಳು ಮೂತಿಯನ್ನು ಎಡಬಲಕ್ಕೆ ತಿರುಗಿಸುತ್ತವೆ. ಒಂದನ್ನು ಅಲುಗಿಸಿದರೆ ಉಳಿದವನ್ನೂ ಹೊಂದಿಸಬೇಕು. ಮೂತಿಯ ಏರಿಳಿತ, ಪಕ್ಕಕ್ಕೆ ವಾಲುವುದು, ಎಡಬಲಕ್ಕೆ ತಿರುಗುವುದು, ಇವು ಮೂರು ಅಕ್ಷಗಳು; ನಾಲ್ಕು ಅಕ್ಷಗಳ ಆಟೋಪೈಲಟ್ ಕಲೆಕ್ಟಿವ್ ಅನ್ನೂ ನೋಡಿಕೊಳ್ಳುತ್ತದೆ. ಮೂರು ಅಕ್ಷಗಳಲ್ಲಿ ಹಾರಿಸುವಾಗ ಕಲೆಕ್ಟಿವ್ ಪೈಲಟ್‌ನ ಪಾಲಿಗೇ ಉಳಿಯುತ್ತದೆ.

2013ರ ಆಗಸ್ಟ್ 23ರಂದು ಉತ್ತರ ಸಮುದ್ರದ ತೈಲ ಘಟಕದಿಂದ ಮರಳುತ್ತಿದ್ದ ಸೂಪರ್ ಪ್ಯೂಮಾ ಹೆಲಿಕಾಪ್ಟರ್ ಒಂದು ಸ್ಕಾಟ್ಲೆಂಡ್‌ನ ಶೆಟ್ಲೆಂಡ್ ದ್ವೀಪಗಳ ಸಂಬರ್ಗ್ ವಿಮಾನ ನಿಲ್ದಾಣಕ್ಕೆ ಇಳಿಯಲು ಹೊರಟಿತ್ತು. ಒಳಗೆ 18 ಜನ. ಕೆಳಗೆ ತಗ್ಗಿನ ಮೋಡ. ಇಂತಿಷ್ಟೇ ದರದಲ್ಲಿ ಇಳಿಯಬೇಕೆಂದು ಆಟೋಪೈಲಟ್‌ಗೆ ಹೇಳಲಾಗಿತ್ತು. ವೇಗದ ಹೊಣೆ ಕಲೆಕ್ಟಿವ್ ಹಿಡಿದ ಕೈಯದು. ಆ ಕೈ ಕೊಟ್ಟಿದ್ದ ಶಕ್ತಿ ಸಾಕಾಗಲಿಲ್ಲ. ಯಂತ್ರಕ್ಕೆ ಗೊತ್ತಿದ್ದುದು ಒಂದೇ ಆಜ್ಞೆ, ಇಳಿತದ ದರ ಮೀರಬಾರದು. ಅದಕ್ಕಾಗಿ ಮೂತಿಯನ್ನು ಎತ್ತಿತು, ವೇಗ ಕುಸಿಯಿತು, ದರ ಉಳಿಸಿಕೊಳ್ಳಲು ಮತ್ತಷ್ಟು ಎತ್ತಿತು.

ಇಲ್ಲೊಂದು ತಿರುವಿದೆ, ಕಾರು ಓಡಿಸುವವರಿಗೆ ಇದು ವಿಚಿತ್ರವೆನಿಸಬಹುದು. ಹೆಲಿಕಾಪ್ಟರ್ ಮುಂದೆ ಸಾಗುತ್ತಿದ್ದರೆ ರೋಟರ್‌ಗೆ ಹೊಸ ಗಾಳಿ ಸಿಗುತ್ತಿರುತ್ತದೆ, ಕಡಿಮೆ ಶಕ್ತಿ ಸಾಕು. ನಿಧಾನವಾದಂತೆ ಗಾಳಿಯಲ್ಲಿ ನಿಲ್ಲುವುದಕ್ಕೇ ಹೆಚ್ಚು ಶಕ್ತಿ ಬೇಕು. ಹೀಗಾಗಿ ಒಂದು ಹಂತಕ್ಕಿಂತ ಕೆಳಗೆ ಬಿದ್ದ ವೇಗ ತನ್ನನ್ನು ತಾನೇ ತಿನ್ನುತ್ತಾ ಹೋಗುತ್ತದೆ. ಪೈಲಟ್‌ಗಳಿಗೆ ಎಚ್ಚರವಾಗುವಷ್ಟರಲ್ಲಿ ಸಾವರಿಸಿಕೊಳ್ಳಲು ಉಳಿದಿದ್ದ ಎತ್ತರ ಸಾಲಲಿಲ್ಲ, ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ನಾಲ್ವರು ಪ್ರಯಾಣಿಕರು ತೀರಿಕೊಂಡರು.

ಬ್ರಿಟನ್‌ನ ತನಿಖಾ ಸಂಸ್ಥೆಯ 2016ರ ವರದಿ, ಕೊನೆಯ ಹಂತದಲ್ಲಿ ಉಪಕರಣಗಳ ಮೇಲೆ ಸರಿಯಾದ ನಿಗಾ ಇರಲಿಲ್ಲ ಎಂದಿತು. ಅದರ ಜೊತೆಗೆ, ಇಂಥ ಇಳಿತದಲ್ಲಿ ಆಟೋಪೈಲಟ್‌ನ ಪೂರ್ಣ ಪ್ರಯೋಜನ ಪಡೆಯುವಂತೆ ಕಾರ್ಯವಿಧಾನ ಇರಲಿಲ್ಲ ಎಂದೂ ಹೇಳಿತು. ನನಗೆ ಈ ಎರಡನೆಯ ಮಾತೇ ಮುಖ್ಯ. ಕಣ್ಣು ತಪ್ಪಿದ್ದಕ್ಕೆ ಪೈಲಟ್‌ಗಳನ್ನು ಬೈಯುವುದು ಸುಲಭ. ಅರ್ಧ ಕೆಲಸ ಯಂತ್ರದ್ದು, ಅರ್ಧ ಕೆಲಸ ಕೈಯದು ಎಂಬ ಹಂಚಿಕೆಯಲ್ಲಿ ಕೈಯ ಪಾಲು ಮರೆತುಹೋಗುವುದು ಅದಕ್ಕಿಂತ ಸುಲಭ: ಇಳಿತದ ದರ ಕೊಂಚವೂ ಅಲುಗದಿದ್ದರೆ ಹಾರಾಟ ನೆಟ್ಟಗಿದೆ ಎಂದೇ ಅನಿಸುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಪೈಲಟ್‌ಗಳು ದಿನವೂ ಕೊಡುವ ಉತ್ತರ ತೀರಾ ಸರಳ. ಗುಂಡಿ ಒತ್ತಿದ ಮೇಲೆ ಗುಂಡಿಯನ್ನಲ್ಲ, ಆಟೋಪೈಲಟ್ ಯಾವ ವಿಧಾನ ಹಿಡಿಯಿತೆಂದು ತೋರಿಸುವ ಪರದೆಯ ಅಕ್ಷರಗಳನ್ನು ಓದಿ, ಪಕ್ಕದವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾರೆ. ಆಮೇಲೆ ಕಣ್ಣು ಮತ್ತೆ ವೇಗದ ಅಂಕಿಗೆ ಹೋಗುತ್ತದೆ.